ಅಪ್ಪನ ಯೆಜ್ಡಿಯನ್ನು ವಿಂಟೇಜ್ ಮೋಟೋಕ್ರಾಸ್‌ಗೆ ಇಳಿಸುವ ಮುನ್ನ

ಪ್ರಶ್ನೆ: ಸರ್, ನಮ್ಮೂರು ವಿಜಯಪುರದ ಹತ್ತಿರ. ಈಗ ಪುಣೆಯ ಪಿಂಪ್ರಿಯಲ್ಲಿ ಕೆಲಸ. ಅಪ್ಪನ 1976ರ ಯೆಜ್ಡಿ 250 ಬೈಕನ್ನು ಊರಿಂದ ತಂದಿದ್ದೇನೆ. ಹಳೆ ಬೈಕುಗಳ ಮೋಟೋಕ್ರಾಸ್‌ನಲ್ಲಿ, ಅಂದರೆ ಗುಂಡಿ-ದಿಬ್ಬದ ಮಣ್ಣಿನ ಟ್ರ್ಯಾಕಿನ ಓಟದಲ್ಲಿ, ಓಡಿಸಬೇಕು ಅಂತ ಆಸೆ. ಇಲ್ಲಿನ ಒಬ್ಬ ಮೆಕ್ಯಾನಿಕ್ ಸಿಲಿಂಡರ್ ಕೊರೆದು 300 ಸಿಸಿಗೆ ಬೋರ್ ಮಾಡಿ, ರೀಡ್ ವಾಲ್ವ್ (ಒಳಗೆ ಬಂದ ಮಿಶ್ರಣ ಹಿಂದಕ್ಕೆ ಹೋಗದಂತೆ ತಡೆಯುವ ಎಲೆಯಂಥ ಬಾಗಿಲು) ಕೂರಿಸಿ, ಸಿಡಿಐ (ಪಾಯಿಂಟ್ ಇಲ್ಲದ ಎಲೆಕ್ಟ್ರಾನಿಕ್ ಇಗ್ನಿಷನ್) ಮತ್ತು ದೊಡ್ಡ ಕಾರ್ಬ್ ಹಾಕಿಕೊಡುತ್ತೇನೆ ಅಂತಾನೆ. ಇಷ್ಟೆಲ್ಲ ಮಾಡಿದರೆ ವಿಂಟೇಜ್ ವರ್ಗದಲ್ಲಿ ಬಿಡುತ್ತಾರಾ? 1976 ಅಂದರೆ ವಿಂಟೇಜ್ ಆಗುತ್ತದಾ? ಗೇರ್ ಮತ್ತು ಕಿಕ್ ಒಂದೇ ಲಿವರ್ ಇರುವುದರಿಂದ ತೊಂದರೆ ಇದೆಯಾ?

ಉತ್ತರ: ಮೊದಲು ಒಂದು ಮಾತು. ಸಿಲಿಂಡರನ್ನು ಈಗಲೇ ಯಾರ ಕೈಗೂ ಕೊಡಬೇಡಿ. ಬೋರ್ ಮಾಡಿದ ಸಿಲಿಂಡರ್ ಮತ್ತೆ ಚಿಕ್ಕದಾಗುವುದಿಲ್ಲ. ಯೆಜ್ಡಿಯ ಒಳ್ಳೆಯ ಸಿಲಿಂಡರ್ ಸಿಗುವುದು ದಿನದಿಂದ ದಿನಕ್ಕೆ ಕಷ್ಟವಾಗುತ್ತಿದೆ. ಪುಣೆಯ ನಾನಾ ಪೇಠೆಯ ಬಿಡಿಭಾಗದ ಅಂಗಡಿಗಳಲ್ಲಿ ಪಿಸ್ಟನ್, ರಿಂಗ್, ಸೀಲ್ ಕೇಳಿದರೆ ಏನಾದರೊಂದು ಸಿಗಬಹುದು. ಆದರೆ ಸವೆಯದ ಹಳೆ ಬ್ಲಾಕ್ ಬೇಕು ಅಂದರೆ ಮುಖ ನೋಡುತ್ತಾರೆ.

ಇನ್ನು 1976ರ ಪ್ರಶ್ನೆ. ವಿಂಟೇಜ್ ಮೋಟೋಕ್ರಾಸ್‌ಗೆ ಚೆನ್ನಾಗಿ ಬೆಳೆದ ನಿಯಮಗಳಿರುವುದು ಅಮೆರಿಕ, ಬ್ರಿಟನ್ ಕಡೆ. ಹಳೆ ಬೈಕುಗಳ ರೇಸ್ ನಡೆಸುವ ಅಮೆರಿಕದ ಅಹರ್ಮಾ (AHRMA) ಸಂಸ್ಥೆಯ ನಿಯಮ ನೋಡಿದರೆ, ಅವರ ವಿಂಟೇಜ್ ವರ್ಗಗಳ ಗಡಿ ಸುಮಾರಾಗಿ 1974ರ ಮಾಡೆಲ್. ಇದನ್ನು ಓದಿ, ಅಯ್ಯೋ ನನ್ನ ಬೈಕ್ ಎರಡು ವರ್ಷ ತಡವಾಯಿತಲ್ಲ ಅಂದುಕೊಳ್ಳಬೇಡಿ. ಅದೇ ನಿಯಮದಲ್ಲಿ ಇನ್ನೊಂದು ಮಾತೂ ಇದೆ: ಗಡಿಯ ನಂತರ ತಯಾರಾದ ಬೈಕ್ ಆದರೂ, ವಿನ್ಯಾಸ ಗಡಿಯ ಒಳಗಿನದೇ ಆಗಿದ್ದರೆ ನಡೆಯುತ್ತದೆ. ನಿಮ್ಮ ಬೈಕಿಗೆ ಜೀವ ಕೊಡುವ ನಿಯಮ ಇದೇ. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಶುರುವಾದಾಗ ಕಟ್ಟಿದ್ದು ಜೆಕ್ ದೇಶದ ಜಾವಾ 353 ಮಾಡೆಲನ್ನು. ಅದು 1954ರ ಹೊತ್ತಿನ ವಿನ್ಯಾಸ. ನಿಮ್ಮ ಯೆಜ್ಡಿಯ ಟ್ಯಾಂಕು, ಬ್ಯಾಡ್ಜು ಬೇರೆ ಇರಬಹುದು, ಆದರೆ ಎಂಜಿನ್ ಅದೇ ವಂಶದ್ದು: 65 ಮಿ.ಮೀ. ಬೋರ್ (ಸಿಲಿಂಡರಿನ ಒಳ ಅಗಲ), 75 ಮಿ.ಮೀ. ಸ್ಟ್ರೋಕ್ (ಪಿಸ್ಟನ್ ಓಡುವ ದೂರ), ಪಿಸ್ಟನ್ ಪೋರ್ಟ್ (ಗೋಡೆಯ ಕಿಂಡಿಗಳನ್ನು ಪಿಸ್ಟನ್ನೇ ತೆರೆದು ಮುಚ್ಚುವ ಪದ್ಧತಿ), ಎರಡು ಸೈಲೆನ್ಸರ್, ನಾಲ್ಕು ಗೇರ್. ಹಾಗಾಗಿ ಆರ್‌ಸಿಯಲ್ಲಿ 1976 ಅಂತ ಬರೆದಿದ್ದರೂ ಬೈಕ್ ನಿಜವಾಗಿ 1950ರ ದಶಕದ್ದು. ಹಳೆ ಪಾರ್ಟ್ಸ್ ಕ್ಯಾಟಲಾಗ್ ಅಥವಾ ಬ್ರೋಷರ್‌ನ ಪ್ರತಿ ಕೈಯಲ್ಲಿದ್ದರೆ ಸ್ಕ್ರೂಟಿನಿ, ಅಂದರೆ ಓಟಕ್ಕೆ ಮುಂಚೆ ಬೈಕಿನ ತಪಾಸಣೆ, ಮಾಡುವವರಿಗೆ ಇದನ್ನು ತೋರಿಸಬಹುದು. ತೋರಿಸುವ ಜವಾಬ್ದಾರಿ ನಿಮ್ಮದೇ, ಅವರದ್ದಲ್ಲ.

ಈ ಗಡಿಗಳು ಸುಮ್ನೆ ಹುಟ್ಟಿದ್ದಲ್ಲ. 1970ರ ದಶಕದಲ್ಲಿ ಮೋಟೋಕ್ರಾಸ್ ಬೈಕು ಎಷ್ಟು ಬೇಗ ಬದಲಾಯಿತು ಅಂದರೆ, ಎರಡು ಮೂರು ವರ್ಷದ ಹಿಂದಿನ ಬೈಕು ಟ್ರ್ಯಾಕ್ ಮೇಲೆ ಮುದುಕನಾಗಿಬಿಡುತ್ತಿತ್ತು. 1973ರಲ್ಲಿ ಸ್ವೀಡನ್ನಿನ ಹಾಕನ್ ಆಂಡರ್ಸನ್ ಹಿಂದೆ ಒಂದೇ ಶಾಕ್ ಇರುವ ಯಮಹಾ ಮೋನೋಶಾಕ್ ಬೈಕಿನಲ್ಲಿ 250 ಸಿಸಿ ವಿಶ್ವ ಚಾಂಪಿಯನ್ ಆದರು. ಹಿಂದಿನ ಚಕ್ರ ಅಷ್ಟು ಮೇಲೆ ಕೆಳಗೆ ಆಡಬಹುದು ಅಂತ ಗೊತ್ತಾದ ಮೇಲೆ ಎಲ್ಲ ಕಂಪನಿಗಳೂ ಅದರ ಬೆನ್ನು ಬಿದ್ದವು. ಅದಕ್ಕೇ ಅಹರ್ಮಾದ ವಿಂಟೇಜ್ ನಿಯಮ ಸಸ್ಪೆನ್ಷನ್ನಿಗೆ ಅಳತೆ ಹಾಕುತ್ತದೆ: ಮುಂದೆ 7 ಇಂಚು, ಹಿಂದೆ 4 ಇಂಚು ಟ್ರಾವೆಲ್ (ಚಕ್ರ ಮೇಲೆ ಕೆಳಗೆ ಆಡುವ ದೂರ), ಅದಕ್ಕಿಂತ ಜಾಸ್ತಿ ಇಲ್ಲ. ಯುರೋಪಿನಲ್ಲಿ ಇವೋ ಅಂತ ಕರೆಯುವ ವರ್ಗದ ನಿಯಮ ಇನ್ನೂ ಸರಳ. ಡಿಸ್ಕ್ ಬ್ರೇಕ್ ಇರಬಾರದು, ನೀರಿನಿಂದ ತಂಪಾಗುವ ಎಂಜಿನ್ ಇರಬಾರದು, ಹಿಂದಿನ ಶಾಕ್‌ಗೆ ಲಿಂಕೇಜ್ (ಶಾಕನ್ನು ಚಕ್ರದ ತೋಳಿಗೆ ಜೋಡಿಸುವ ಸನ್ನೆಗಳು) ಇರಬಾರದು. ಕವಾಸಾಕಿಯ ಯೂನಿ-ಟ್ರ್ಯಾಕ್, ಹೋಂಡಾದ ಪ್ರೋ-ಲಿಂಕ್, ಸುಜುಕಿಯ ಫುಲ್ ಫ್ಲೋಟರ್ ಎಲ್ಲ 1980-81ರ ಸುಮಾರಿಗೆ ಬಂದವು, ಆ ಗೆರೆ ಅಲ್ಲಿ ಬಿತ್ತು.

ಗಮನಿಸಿದಿರಾ, ಈ ಗೆರೆಗಳಲ್ಲಿ ಹೆಚ್ಚಿನವು ಹೊರಗಿನಿಂದ ಕಣ್ಣಿಗೆ ಕಾಣುವ ಸಂಗತಿಗಳ ಮೇಲಿವೆ. ಎಂಜಿನ್ ಒಳಗೆ ಏನು ಮಾಡಿದ್ದೀರಿ ಅಂತ ಕೇಳುವುದು ಕಡಿಮೆ. ಆ ಕಾಲದ ಓಟಗಾರರೂ ಪೋರ್ಟ್ ಕೆರೆದರು, ಹೆಡ್ ಕಡಿದರು, ಪಿಸ್ಟನ್ ಸ್ಕರ್ಟ್ ಉಜ್ಜಿದರು. ಅದನ್ನು ಬೇಡ ಅನ್ನುವುದರಲ್ಲಿ ಅರ್ಥವಿಲ್ಲ, ಅಲ್ವಾ? ಕ್ರ್ಯಾಂಕ್ ಕೇಸ್, ಸಿಲಿಂಡರ್, ಹೆಡ್, ಚಾಸಿ, ಫೋರ್ಕ್, ಹಬ್ ಇವು ಆ ಕಾಲದವು ಅಥವಾ ಅದೇ ನಮೂನೆಯವು ಆಗಿರಬೇಕು, ಜೊತೆಗೆ ಸಿಸಿ ವರ್ಗದ ಮಿತಿಯೊಳಗೆ ಇರಬೇಕು. ಹೆಚ್ಚಿನ ನಿಯಮಪುಸ್ತಕಗಳ ತಿರುಳು ಇಷ್ಟೇ.

ಈಗ ಆ 300 ಸಿಸಿ ಮಾತಿಗೆ ಬರೋಣ. ಒಂದು ಕಾಗದ ತೆಗೆದುಕೊಂಡು ಲೆಕ್ಕ ಹಾಕಿ. 65 ಮಿ.ಮೀ. ಬೋರ್, 75 ಮಿ.ಮೀ. ಸ್ಟ್ರೋಕ್ ಅಂದರೆ ಸುಮಾರು 248.9 ಸಿಸಿ. 250ರ ಮಿತಿಗೆ ಉಳಿದಿರುವುದು ಒಂದು ಸಿಸಿಗಿಂತ ಸ್ವಲ್ಪ ಜಾಸ್ತಿ, ಅಷ್ಟೆ. ಬರೀ ಕಾಲು ಮಿ.ಮೀ. ಓವರ್‌ಸೈಜ್ ಹಾಕಿದರೆ 250.8. ಅರ್ಧ ಮಿ.ಮೀ.ಗೆ 252.7. ಒಂದು ಮಿ.ಮೀ.ಗೆ 256.6. ಅಂದರೆ ಸವೆದ ಸಿಲಿಂಡರನ್ನು ಸರಿಮಾಡಲು ಮೊದಲ ಬೋರ್ ಹೊಡೆಸಿದ ಕೂಡಲೇ ನೀವು ಕಾಗದದ ಮೇಲೆ 250 ದಾಟಿದಿರಿ. ಇದು ಎಲ್ಲ ಹಳೆ ಎಂಜಿನ್‌ಗಳ ಕಥೆ. ಅದಕ್ಕೇ ಹಲವು ನಿಯಮಗಳಲ್ಲಿ ಸವೆತಕ್ಕಾಗಿ ಇಂತಿಷ್ಟು ಓವರ್‌ಬೋರ್ ಆಗಬಹುದು ಅಂತ ಬಿಟ್ಟಿರುತ್ತಾರೆ. ಎಷ್ಟು ಅನ್ನುವುದು ಒಂದೊಂದು ಕಡೆ ಒಂದೊಂದು ಥರ. ನೀವು ಇಳಿಯುವ ರೇಸಿನ ನಿಯಮದಲ್ಲಿ ಆ ಸಾಲು ಇದೆಯಾ, ಇದ್ದರೆ ಎಷ್ಟು ಮಿ.ಮೀ., ಅದನ್ನು ಮೊದಲು ಓದಿ. ಆ ಸಾಲು ಇಲ್ಲದಿದ್ದರೆ ಇ-ಮೇಲ್ ಹಾಕಿ ಕೇಳಿ, ಬಂದ ಉತ್ತರವನ್ನು ಪ್ರಿಂಟ್ ತೆಗೆದಿಡಿ.

300 ಸಿಸಿ ಬೇಕು ಅಂದರೆ ಬೋರ್ 71.4 ಮಿ.ಮೀ. ಆಗಬೇಕು. ಹೆಚ್ಚುಕಮ್ಮಿ ಆರೂವರೆ ಮಿ.ಮೀ. ಜಾಸ್ತಿ. ಅಷ್ಟು ತೆಗೆದರೆ ಸಿಲಿಂಡರ್ ಗೋಡೆ ತೆಳ್ಳಗಾಗುತ್ತದೆ. ಟ್ರಾನ್ಸ್‌ಫರ್ ಪೋರ್ಟ್‌ಗಳ (ಕೆಳಗಿನಿಂದ ಮಿಶ್ರಣ ಮೇಲಕ್ಕೆ ಬರುವ ದಾರಿಗಳು) ಸುತ್ತ ಲೋಹ ಉಳಿಯುವುದಿಲ್ಲ. ದಪ್ಪ ಲೈನರ್ ಹಾಕಿಸಲು ಹೋದರೆ ಕ್ರ್ಯಾಂಕ್ ಕೇಸಿನ ಬಾಯಿಯನ್ನೂ ಕಡಿಯಬೇಕು. ಪುಣೆಯ ಭೋಸರಿಯಲ್ಲಿ ಇದನ್ನೆಲ್ಲ ಮಾಡುವ ಲೇತ್‌ನವರು ಇದ್ದಾರೆ, ಕೆಲಸವೂ ಅಚ್ಚುಕಟ್ಟಾಗಿಯೇ ಬರಬಹುದು. ಆದರೆ ಅಷ್ಟೆಲ್ಲ ಮಾಡಿ ನೀವು ಸೇರುವುದು ಎಲ್ಲಿಗೆ? 250 ವರ್ಗದಿಂದ ಹೊರಗೆ, ಓಪನ್ ವರ್ಗಕ್ಕೆ. ಅಲ್ಲಿ ನಿಜವಾದ ಮೋಟೋಕ್ರಾಸ್ ಬೈಕುಗಳು ಇರುತ್ತವೆ. ಜೆಕ್ ದೇಶದ ಸಿಜೆಡ್ 360 ಬೈಕಿನಲ್ಲಿ ಪಾಲ್ ಫ್ರೀಡ್ರಿಕ್ಸ್ 1966, 67, 68 ಮೂರೂ ವರ್ಷ 500 ಸಿಸಿ ವಿಶ್ವ ಚಾಂಪಿಯನ್ ಆಗಿದ್ದರು. ಆ ವರ್ಗದಲ್ಲಿ ಟೂ-ಸ್ಟ್ರೋಕ್ ಬೈಕಿಗೆ ಬಂದ ಮೊದಲ ಪ್ರಶಸ್ತಿ 1966ರದ್ದು. ಅಂಥ ಬೈಕುಗಳ ಪಕ್ಕದಲ್ಲಿ, ಮನೆಯಿಂದ ಆಫೀಸಿಗೆ ಓಡಾಡಲು ಮಾಡಿದ ಎಂಜಿನ್ನನ್ನು ಹಿಗ್ಗಿಸಿ ನಿಲ್ಲಿಸಬೇಕಾಗುತ್ತದೆ. ಬೇಡ. 250ರಲ್ಲೇ ಇರಿ.

ರೀಡ್ ವಾಲ್ವ್ ಬಗ್ಗೆಯೂ ನನ್ನ ಉತ್ತರ ಬೇಡ ಅಂತಲೇ. ಯಮಹಾ ತನ್ನ ಬೈಕುಗಳಿಗೆ ರೀಡ್ ವಾಲ್ವ್ ತಂದದ್ದು 1972ರ ಮಾಡೆಲ್‌ಗಳಲ್ಲಿ. ಅಂದರೆ 1974ರ ಗಡಿ ಇರುವ ವರ್ಗದಲ್ಲಿ ರೀಡ್ ವಾಲ್ವ್ ಅನ್ನುವ ತಂತ್ರಕ್ಕೆ ಜಾಗ ಇದೆ. ಆದರೆ ನೀವು ನಿಮ್ಮ ಬೈಕನ್ನು 1950ರ ದಶಕದ ವಿನ್ಯಾಸ ಅಂತ ಹೇಳಿ ಒಳಗೆ ತರುತ್ತಿದ್ದೀರಿ. ಸಿಲಿಂಡರ್ ಹಿಂಭಾಗ ಕಡಿದು ರೀಡ್ ಬ್ಲಾಕ್ ವೆಲ್ಡ್ ಮಾಡಿದ ಮೇಲೆ ಅದು ಆ ವಿನ್ಯಾಸವಾಗಿ ಉಳಿಯಿತಾ? ಸ್ಕ್ರೂಟಿನಿಯಲ್ಲಿ ನಿಂತವರು ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ. ಕಾರ್ಬ್ ಮತ್ತು ಸಿಲಿಂಡರ್ ನಡುವೆ ಹೊಸ ಡಬ್ಬಿಯೊಂದು ಕೂತಿರುವುದು ದೂರದಿಂದಲೇ ಕಾಣುತ್ತದೆ. ಬೇರೆಯವರು ಪ್ರೊಟೆಸ್ಟ್ (ಲಿಖಿತ ಆಕ್ಷೇಪ) ಹಾಕಿದರೆ ನಿಮ್ಮ ಪರ ವಾದಿಸಲು ಏನೂ ಇರುವುದಿಲ್ಲ.

ಹಾಗಾದರೆ ಏನು ಮಾಡಬಹುದು? ತುಂಬಾ ಮಾಡಬಹುದು, ಮತ್ತು ಇದೇ ನನಗೆ ಇಷ್ಟದ ಭಾಗ.

ಮೊದಲು ಎಂಜಿನ್ನಿನ ಬಿಗಿ ನೋಡಿ. ಟೂ-ಸ್ಟ್ರೋಕ್‌ನಲ್ಲಿ ಸಿಲಿಂಡರಿನ ಕೆಳಗಿನ ಪೆಟ್ಟಿಗೆ, ಅಂದರೆ ಕ್ರ್ಯಾಂಕ್ ಕೇಸೇ ಪಂಪ್. ಅದು ಸೋರಿದರೆ ಪೋರ್ಟಿಂಗ್ (ಕಿಂಡಿಗಳನ್ನು ಕೆರೆದು ತಿದ್ದುವುದು), ಕಾರ್ಬ್, ಜೆಟ್ (ಕಾರ್ಬಿನಲ್ಲಿ ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ಭಾಗ) ಯಾವ ಕೆಲಸಕ್ಕೂ ಬೆಲೆ ಇಲ್ಲ. ಪರೀಕ್ಷೆ ಸುಲಭ. ಇನ್‌ಲೆಟ್ ಮತ್ತು ಎರಡೂ ಎಕ್ಸಾಸ್ಟ್ ಬಾಯಿಗಳನ್ನು ರಬ್ಬರ್ ಹಾಳೆ, ತಗಡು ಇಟ್ಟು ಮುಚ್ಚಿ. ಬಿಪಿ ನೋಡುವ ಯಂತ್ರ ಇದೆಯಲ್ಲ, ಕೈಯಲ್ಲಿ ಒತ್ತುವ ಬಲ್ಬ್ ಮತ್ತು ಮುಳ್ಳಿನ ಮೀಟರ್ ಇರುವುದು, ಅದರ ಕೊಳವೆಯನ್ನು ಇನ್‌ಲೆಟ್ ತಗಡಿಗೆ ಸೇರಿಸಿ 300ರ ತನಕ ಪಂಪ್ ಮಾಡಿ. ಅದು ಹತ್ತಿರ ಹತ್ತಿರ 6 ಪಿಎಸ್ಐ. ಐದಾರು ನಿಮಿಷ ಮುಳ್ಳು ಅಲ್ಲೇ ನಿಂತರೆ ಎಂಜಿನ್ ಬಿಗಿಯಾಗಿದೆ. ಇಳಿಯುತ್ತಿದ್ದರೆ ಸೋಪಿನ ನೀರು ಹಚ್ಚುತ್ತಾ ಹೋಗಿ, ಗುಳ್ಳೆ ಎಲ್ಲಿ ಏಳುತ್ತದೋ ಅಲ್ಲಿ ಸೋರಿಕೆ. ಹಳೆ ಜಾವಾ-ಯೆಜ್ಡಿಗಳಲ್ಲಿ ಹೆಚ್ಚಾಗಿ ಹೋಗುವುದು ಕ್ರ್ಯಾಂಕ್ ಸೀಲ್‌ಗಳು. ಕ್ಲಚ್ ಬದಿಯ ಸೀಲ್ ಹೋದರೆ ಗೇರ್ ಆಯಿಲ್ ಎಳೆದುಕೊಂಡು ಹೊಗೆ ಕಾರುತ್ತದೆ, ನಿಮಗೆ ಗೊತ್ತಾಗುತ್ತದೆ. ಡೈನಮೋ ಬದಿಯದು ಹೋದರೆ ಗಾಳಿ ಎಳೆಯುತ್ತದೆ, ಮಿಶ್ರಣ ಲೀನ್ ಆಗುತ್ತದೆ (ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ), ಎಂಜಿನ್ ಚುರುಕಾಗಿ ಓಡಿದ ಹಾಗೆ ಅನಿಸುತ್ತದೆ, ಆಮೇಲೆ ಜಂಪ್‌ಗೆ ಏರುವ ಹೊತ್ತಿಗೆ ಸರಿಯಾಗಿ ಪಿಸ್ಟನ್ ಕಚ್ಚಿಕೊಂಡು ಸೀಜ್ ಆಗುತ್ತದೆ. ಅಪಾಯದ್ದು ಈ ಎರಡನೆಯದು.

ಆಮೇಲೆ ಸ್ಕ್ವಿಶ್. ಪಿಸ್ಟನ್ ಮೇಲಕ್ಕೆ ಬಂದಾಗ ಅದರ ಅಂಚಿಗೂ ಹೆಡ್ಡಿಗೂ ನಡುವೆ ಎಷ್ಟು ಜಾಗ ಉಳಿಯುತ್ತದೆ ಅನ್ನುವ ಅಳತೆ. ಎಲೆಕ್ಟ್ರಿಕ್ ಅಂಗಡಿಯಲ್ಲಿ ಸಿಗುವ ದಪ್ಪ ಸೋಲ್ಡರ್ ತಂತಿಯ ಎರಡು ತುಂಡನ್ನು ಪಿಸ್ಟನ್ ತಲೆಯ ಮೇಲೆ, ಗಜನ್ ಪಿನ್ (ಪಿಸ್ಟನ್ನಿಗೂ ರಾಡಿಗೂ ಸೇರಿಸುವ ಪಿನ್) ಇರುವ ದಿಕ್ಕಿನಲ್ಲಿ, ಆಚೆ ಈಚೆ ಅಂಚಿಗೆ ತಾಗುವಂತೆ ಗ್ರೀಸ್ ಹಚ್ಚಿ ಕೂರಿಸಿ. ಹೆಡ್ ಬಿಗಿದು ಕ್ರ್ಯಾಂಕನ್ನು ಕೈಯಲ್ಲಿ ಒಂದು ಸುತ್ತು ತಿರುಗಿಸಿ, ಮತ್ತೆ ಬಿಚ್ಚಿ, ಜಜ್ಜಿದ ತುದಿಯನ್ನು ವರ್ನಿಯರ್‌ನಲ್ಲಿ ಅಳೆಯಿರಿ. ಈ ಗಾತ್ರದ ಎಂಜಿನ್ನಿಗೆ 1ರಿಂದ 1.3 ಮಿ.ಮೀ. ಒಳ್ಳೆಯದು. ಹೆಡ್ಡಿನ ಒಳಗಿನ ಆಕಾರವನ್ನು ಲೇತ್‌ನಲ್ಲಿ ತಿದ್ದಿಸಿ ಈ ಅಳತೆಗೆ ತಂದರೆ, ಕೆಳಗಿನ ಆರ್‌ಪಿಎಂನಲ್ಲೇ ಎಂಜಿನ್ ಗಟ್ಟಿಯಾಗಿ ಎಳೆಯುತ್ತದೆ. ಹೊರಗಿನಿಂದ ಹೆಡ್ ಹಾಗೇ ಕಾಣುತ್ತದೆ, ಯಾವ ನಿಯಮಕ್ಕೂ ಧಕ್ಕೆ ಇಲ್ಲ. ಒಂದು ರೂಪಾಯಿಗೆ ಅತಿ ಹೆಚ್ಚು ಲಾಭ ಕೊಡುವ ಕೆಲಸ ಯಾವುದು ಅಂತ ಕೇಳಿದರೆ ನಾನು ಇದನ್ನೇ ಹೇಳುತ್ತೇನೆ.

ಪೋರ್ಟಿಂಗ್‌ನಲ್ಲಿ ಆಸೆ ಹಿಡಿತದಲ್ಲಿರಲಿ. ಕ್ರ್ಯಾಂಕಿನ ಒಂದು ಸುತ್ತಿನಲ್ಲಿ ಎಕ್ಸಾಸ್ಟ್ ಪೋರ್ಟ್ ಎಷ್ಟು ಡಿಗ್ರಿ ತೆರೆದಿರುತ್ತದೆ ಅನ್ನುವುದರ ಮೇಲೆ ಎಂಜಿನ್ ಸ್ವಭಾವ ನಿಂತಿದೆ. ರಸ್ತೆಯ ಹಳೆ ಟೂ-ಸ್ಟ್ರೋಕ್‌ಗಳಲ್ಲಿ ಅದು 160-170 ಡಿಗ್ರಿ ಆಸುಪಾಸು, ಮೋಟೋಕ್ರಾಸ್ ಎಂಜಿನ್‌ಗಳಲ್ಲಿ 180ರ ಸುತ್ತ, ಡಾಂಬರು ಟ್ರ್ಯಾಕಿನ ರೇಸ್ ಎಂಜಿನ್‌ಗಳಲ್ಲಿ 195-200. ನಿಮ್ಮ 75 ಮಿ.ಮೀ. ಸ್ಟ್ರೋಕಿನ ಎಂಜಿನ್ನಿನಲ್ಲಿ ಪೋರ್ಟ್ ಮೇಲಂಚನ್ನು 1 ಮಿ.ಮೀ. ಎತ್ತಿದರೆ ಒಟ್ಟು ಸುಮಾರು 3 ಡಿಗ್ರಿ ಸಿಗುತ್ತದೆ. ಮೊದಲು ಕ್ರ್ಯಾಂಕಿಗೆ ಡಿಗ್ರಿ ಗುರುತಿರುವ ಡಿಸ್ಕ್ ಕಟ್ಟಿ ಈಗ ಎಷ್ಟಿದೆ ಅಂತ ಬರೆದಿಡಿ, ಆಮೇಲೆ ಸ್ವಲ್ಪ ಸ್ವಲ್ಪ ಎತ್ತಿ. ಮೊದಲ ಸಲಕ್ಕೆ 175ರ ಹತ್ತಿರ ನಿಲ್ಲಿಸಿ. ಸೀದಾ ರೇಸ್ ಟೈಮಿಂಗ್‌ಗೆ ಹೋದರೆ ಕೆಳಗಿನ ಎಳೆತ ಸತ್ತುಹೋಗುತ್ತದೆ. ನಾಲ್ಕೇ ಗೇರ್ ಇರುವ, ಭಾರದ ಬೈಕಿಗೆ ಅದು ದೊಡ್ಡ ಶಿಕ್ಷೆ. ಇನ್ನೊಂದು ಮುಖ್ಯ ವಿಷಯ: ನಿಮ್ಮ ಸಿಲಿಂಡರಿನಲ್ಲಿ ಎಕ್ಸಾಸ್ಟ್ ಎರಡು ಬಾಯಿ, ಮಧ್ಯೆ ಒಂದು ಲೋಹದ ಪಟ್ಟಿ. ಆ ಪಟ್ಟಿ ಎರಡೂ ಕಡೆಯಿಂದ ಸುಡುತ್ತದೆ, ಹಿಗ್ಗಿ ಪಿಸ್ಟನ್ ಕಡೆ ಉಬ್ಬುತ್ತದೆ. ಪೋರ್ಟ್ ಅಗಲ ಮಾಡುವ ಭರದಲ್ಲಿ ಅದನ್ನು ತೆಳ್ಳಗೆ ಮಾಡಿಸಬೇಡಿ. ಅದರ ಮೇಲ್ಮೈಯನ್ನು ಕೂದಲೆಳೆಯಷ್ಟು ಒಳಕ್ಕೆ ಉಜ್ಜಿಸಿ, ಪಟ್ಟಿಗೆ ಎದುರಾಗುವ ಜಾಗದಲ್ಲಿ ಪಿಸ್ಟನ್ ಸ್ಕರ್ಟಿಗೆ ಎರಡು ಸಣ್ಣ ಎಣ್ಣೆ ತೂತು ಹಾಕಿಸಿ. ಪೋರ್ಟಿನ ಅಂಚುಗಳನ್ನು ನುಣುಪಾಗಿ ಇಳಿಜಾರು ಮಾಡಿಸದೆ ಪಿಸ್ಟನ್ ಒಳಗೆ ಹಾಕಲೇಬೇಡಿ, ರಿಂಗ್ ಸಿಕ್ಕಿ ಮುರಿಯುತ್ತದೆ.

ನಮ್ಮ ಕಡೆ ಕೆಳಗಿನ ಎಳೆತಕ್ಕೇ ಯಾಕೆ ಇಷ್ಟು ಒತ್ತು ಕೊಡುತ್ತೇನೆ ಅಂದರೆ, ಇಲ್ಲಿನ ಮಣ್ಣು ಹಾಗಿದೆ. ಪುಣೆ ಸುತ್ತಲಿನ ಎರೆಮಣ್ಣು ಒಂದು ಮಳೆ ಬಿದ್ದರೆ ಸಾಕು, ಟೈರಿಗೆ, ಮಡ್‌ಗಾರ್ಡಿಗೆ, ಚೈನಿಗೆ ಮೆತ್ತಿಕೊಂಡು ಬೈಕಿನ ತೂಕ ಏರುತ್ತಾ ಹೋಗುತ್ತದೆ. ಅಲ್ಲಿ ಮೇಲಿನ ಆರ್‌ಪಿಎಂನಲ್ಲಿ ಮಾತ್ರ ಜೀವ ಬರುವ ಎಂಜಿನ್ ಪ್ರತಿ ತಿರುವಿನಲ್ಲೂ ಕ್ಲಚ್ ತಿನ್ನುತ್ತದೆ. ಗೋವಾ ಕಡೆಯ ಕೆಂಪು ಮುರಕಲ್ಲು ಮಣ್ಣು ಬೇರೆ. ಅಂಟುವುದು ಕಡಿಮೆ, ಒಣಗಿದಾಗ ನುಣ್ಣನೆ ಧೂಳಾಗಿ ಏಳುತ್ತದೆ, ಹಳೆ ಏರ್ ಫಿಲ್ಟರ್ ಅದನ್ನು ತಡೆಯುವುದಿಲ್ಲ. ಎಣ್ಣೆ ಹಚ್ಚಿದ ಫೋಮ್ ಫಿಲ್ಟರ್ ಹಾಕಿ, ಪ್ರತಿ ಓಟದ ನಂತರ ತೊಳೆಯಿರಿ.

ಸಿಡಿಐ ಹಾಕಿಸಿ, ಸಂತೋಷದಿಂದ. ಹೆಚ್ಚಿನ ಕಡೆ ಇಗ್ನಿಷನ್ ವಿಷಯದಲ್ಲಿ ಉದಾರವಾಗಿರುತ್ತಾರೆ, ಕವರ್ ಒಳಗೆ ಇರುವುದರಿಂದ ರೂಪವೂ ಕೆಡುವುದಿಲ್ಲ. ಕೆಸರು ನೀರಿನಲ್ಲಿ ಪಾಯಿಂಟ್ ಉಜ್ಜುತ್ತಾ ಕೂರುವುದು ತಪ್ಪುತ್ತದೆ. ಕಾರ್ಬ್ ವಿಷಯದಲ್ಲಿ ಮಾತ್ರ ಎಚ್ಚರ. ಮಿಕುನಿ ವಿಎಂ ಥರದ ರೌಂಡ್ ಸ್ಲೈಡ್ (ಒಳಗೆ ಏರಿಳಿಯುವ ಬಾಗಿಲು ದುಂಡಗಿರುವ) ಕಾರ್ಬ್ ಹಾಕಿದರೆ ಸಾಮಾನ್ಯವಾಗಿ ತಕರಾರು ಬರುವುದಿಲ್ಲ, ಫ್ಲಾಟ್ ಸ್ಲೈಡ್ ಕಾರ್ಬ್ ಅಂದರೆ ಹೊಸ ಕಾಲದ್ದು ಅಂತ ಬೆರಳು ತೋರಿಸುತ್ತಾರೆ. ಮೂಲ ಜಿಕೋವ್ ಕಾರ್ಬ್ ತೆಗೆದು 28 ಮಿ.ಮೀ. ರೌಂಡ್ ಸ್ಲೈಡ್ ಹಾಕಿ, ಅದಕ್ಕಿಂತ ದೊಡ್ಡದು ಬೇಡ. ತೆಗೆದ ಜಿಕೋವ್ ಮಾರಬೇಡಿ.

ಜೆಟ್ಟಿಂಗ್ ವಿಷಯ ಒಂದು ಸಲ ಮಾಡಿ ಮುಗಿಸುವುದಲ್ಲ. ಪುಣೆ ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಮೇಲಿದೆ. ಇಲ್ಲಿ ಸರಿಯಾಗಿ ಕೂತ ಮೇನ್ ಜೆಟ್ ಇಟ್ಟುಕೊಂಡು ಘಟ್ಟ ಇಳಿದು ಗೋವಾಕ್ಕೆ ಹೋದರೆ ಗಾಳಿ ದಟ್ಟವಾಗುತ್ತದೆ, ಮಿಶ್ರಣ ಲೀನ್ ಆಗುತ್ತದೆ. ಒಂದು ಸೈಜ್ ದೊಡ್ಡ ಜೆಟ್ ಹಾಕಿ ಪ್ಲಗ್ ನೋಡಿ. ಇದರ ಜೊತೆಗೆ ಈಗ ಪಂಪುಗಳಲ್ಲಿ ಸಿಗುವುದು ಇ20, ಅಂದರೆ ಶೇ. 20 ಎಥನಾಲ್ ಸೇರಿದ ಪೆಟ್ರೋಲ್. ಅದೂ ಲೀನ್ ಕಡೆಗೇ ಎಳೆಯುತ್ತದೆ, ಹಳೆ ರಬ್ಬರ್ ಪೈಪ್, ಫ್ಲೋಟ್ ಬೌಲಿನ ಗ್ಯಾಸ್ಕೆಟ್ ಹಾಳುಮಾಡುತ್ತದೆ, ನೀರು ಹೀರುತ್ತದೆ. ಹಳೆ ಪುಸ್ತಕದಲ್ಲಿ ಬರೆದ ಜೆಟ್ ನಂಬರ್ ನಂಬಿ ಕೂರಬೇಡಿ. ರೇಸ್ ಮುಗಿದ ಮೇಲೆ ಟ್ಯಾಂಕ್, ಕಾರ್ಬ್ ಎರಡನ್ನೂ ಖಾಲಿ ಮಾಡಿ.

ಸೈಲೆನ್ಸರ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಅದರ ಜಾಗಕ್ಕೆ ಹಾಕುವ ಎಕ್ಸ್‌ಪಾನ್ಶನ್ ಚೇಂಬರ್, ಅಂದರೆ ಮಧ್ಯೆ ಉಬ್ಬಿದ ಟೂ-ಸ್ಟ್ರೋಕ್ ರೇಸ್ ಪೈಪ್, ಹೊಸ ಕಾಲದ್ದಲ್ಲ. ಪೂರ್ವ ಜರ್ಮನಿಯ ಎಂಜೆಡ್ (MZ) ಕಂಪನಿಯ ಎಂಜಿನಿಯರ್ ವಾಲ್ಟರ್ ಕಾಡೆನ್ 1950ರ ದಶಕದಲ್ಲೇ ಅದನ್ನು ಪಳಗಿಸಿದ್ದರು. 1960ರ ದಶಕದ ಸಿಜೆಡ್ ಮೋಟೋಕ್ರಾಸ್ ಬೈಕುಗಳಲ್ಲೂ ನಿಮ್ಮದರ ಹಾಗೇ ಎರಡು ಎಕ್ಸಾಸ್ಟ್ ಪೋರ್ಟ್ ಇದ್ದ ಮಾಡೆಲ್ ಇತ್ತು. ಹಾಗಾಗಿ ಕಾಲದ ದೃಷ್ಟಿಯಿಂದ ಅದು ನ್ಯಾಯವಾದ ಬದಲಾವಣೆ. ಪೋರ್ಟಿಂಗ್ ಮುಗಿಸಿ, ಟೈಮಿಂಗ್ ಅಳತೆ ಕೈಯಲ್ಲಿ ಹಿಡಿದು, ಆ ಅಳತೆಗೆ ಪೈಪ್ ಮಾಡಿಸಿ. ಮೊದಲು ಪೈಪ್, ಆಮೇಲೆ ಪೋರ್ಟ್ ಅನ್ನುವ ಕ್ರಮ ಬೇಡ. ಶಬ್ದದ ಮಿತಿ ಇದ್ದರೆ ಕೊನೆಯಲ್ಲಿ ಮಫ್ಲರ್ ಸೇರಿಸಿ.

ನಮ್ಮ ದೇಶದ ಸ್ಥಿತಿಯನ್ನೂ ಹೇಳಿಬಿಡುತ್ತೇನೆ. ಇಲ್ಲಿ ಮೋಟಾರ್ ಕ್ರೀಡೆ ನಡೆಯುವುದು ಅದರ ರಾಷ್ಟ್ರೀಯ ಒಕ್ಕೂಟ ಎಫ್‌ಎಂಎಸ್‌ಸಿಐ ಅಡಿಯಲ್ಲಿ. ಓಟಗಾರನಿಗೆ ಅದರ ಲೈಸೆನ್ಸ್ ಬೇಕು. ಪ್ರತಿ ರೇಸಿಗೂ ಆಯೋಜಕರು ಸಪ್ಲಿಮೆಂಟರಿ ರೆಗ್ಯುಲೇಶನ್ಸ್ ಅಂತ ಒಂದು ಕಾಗದ ಹೊರಡಿಸುತ್ತಾರೆ, ಎಸ್‌ಆರ್ ಅಂತ ಕರೆಯುತ್ತಾರೆ. ಆ ದಿನಕ್ಕೆ ಅದೇ ಕಾನೂನು. ಅಮೆರಿಕದ ನಿಯಮ ಹೀಗಿದೆ ಅಂತ ಇಲ್ಲಿ ಜಗಳ ತೆಗೆದರೆ ಯಾರೂ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. 2024ರ ಜನವರಿಯಲ್ಲಿ ಬಾಲೇವಾಡಿ ಕ್ರೀಡಾಂಗಣದಲ್ಲಿ ಸೂಪರ್‌ಕ್ರಾಸ್ ಲೀಗ್ ನಡೆದಾಗ ಪುಣೆಯ ಜನ ಬಂದು ನೋಡಿದರು, ಡರ್ಟ್ ರೇಸಿಗೆ ಇಲ್ಲಿ ಅಭಿಮಾನಿಗಳಿಗೆ ಕೊರತೆ ಇಲ್ಲ. ಹಳೆ ಬೈಕುಗಳಿಗೆ ಒಂದು ವರ್ಗ ಇಡಿ ಅಂತ ನಿಮ್ಮಂಥ ನಾಲ್ಕು ಜನ ಸೇರಿ ಆಯೋಜಕರನ್ನು ಕೇಳಬೇಕು. ಕೇಳುವಾಗ ನಿಯಮದ ಕರಡನ್ನೂ ಕೊಡಿ: ಏರ್ ಕೂಲ್ಡ್, ಎರಡು ಶಾಕ್, ಡ್ರಮ್ ಬ್ರೇಕ್, 250 ಸಿಸಿ ಜೊತೆಗೆ ಇಂತಿಷ್ಟು ಓವರ್‌ಬೋರ್. ಅರ್ಧ ಪುಟ ಸಾಕು. ಯೆಜ್ಡಿ, ಜಾವಾ, ರಾಜ್‌ದೂತ್ 175 ಎಲ್ಲ ಅದರೊಳಗೆ ಬರುತ್ತವೆ.

ಕೊನೆಗೆ ನಿಮ್ಮ ಲಿವರ್ ಪ್ರಶ್ನೆ. ಒಳ್ಳೆಯ ಪ್ರಶ್ನೆ ಕೇಳಿದ್ದೀರಿ, ಬಹಳ ಜನ ಇದನ್ನು ಟ್ರ್ಯಾಕಿಗೆ ಹೋದ ಮೇಲೆ ಯೋಚಿಸುತ್ತಾರೆ. ಈ ಬೈಕಿನ ಗೇರ್ ಲಿವರೇ ಕಿಕ್ಕರ್, ಮತ್ತು ಲಿವರ್ ಒತ್ತಿದರೆ ಕ್ಲಚ್ ತಾನಾಗಿಯೇ ಬಿಡುವ ಸೆಮಿ-ಆಟೋ ವ್ಯವಸ್ಥೆ ಇದೆ. ನಿಯಮಕ್ಕೆ ಇದರಿಂದ ತೊಂದರೆ ಇಲ್ಲ. ಓಡಿಸುವವನಿಗೆ ಇದೆ. ಗುಂಡಿ-ದಿಬ್ಬಗಳಲ್ಲಿ ಬೂಟು ಲಿವರ್ ಮೇಲೆ ಸ್ವಲ್ಪ ಒತ್ತಿದರೂ ಕ್ಲಚ್ ಬಿಟ್ಟು ಎಳೆತ ತಪ್ಪುತ್ತದೆ, ಅದೂ ಬೈಕ್ ಗಾಳಿಗೆ ಏಳುವ ಕ್ಷಣದಲ್ಲಿ ಆದರೆ ಮುಂದಿನ ಚಕ್ರ ಮೊದಲು ನೆಲಕ್ಕೆ ಬರುತ್ತದೆ. ಕ್ಲಚ್ ಕವರ್ ಬಿಚ್ಚಿಸಿ, ಲಿವರಿಗೂ ಕ್ಲಚ್ಚಿಗೂ ಇರುವ ಆ ಜೋಡಣೆಯನ್ನು ಕೆಲಸ ಮಾಡದಂತೆ ಮಾಡಿಸಿ, ಕ್ಲಚ್ಚನ್ನು ಕೈ ಲಿವರಿನಿಂದ ಮಾತ್ರ ನಡೆಯುವಂತೆ ಹೊಂದಿಸಿಕೊಳ್ಳಿ. ತೆಗೆದ ಭಾಗವನ್ನು ಚೀಲದಲ್ಲಿ ಹಾಕಿ ಹೆಸರು ಬರೆದಿಡಿ, ಬೈಕನ್ನು ಮತ್ತೆ ರಸ್ತೆಗೆ ತರುವಾಗ ಬೇಕಾಗುತ್ತದೆ. ಲಿವರಿನ ತುದಿಗೆ ಮಡಚುವ ಪೆಗ್ ಹಾಕಿಸಿದರೆ ಬಿದ್ದಾಗ ಶಾಫ್ಟ್ ಬಾಗುವುದು ತಪ್ಪುತ್ತದೆ. ಓಟದ ಮಧ್ಯೆ ಎಂಜಿನ್ ನಿಂತರೆ ನ್ಯೂಟ್ರಲ್ ಹುಡುಕಿ, ಲಿವರ್ ಒಳಗೆ ತಳ್ಳಿ, ಹಿಂದಕ್ಕೆ ತಿರುಗಿಸಿ, ಆಮೇಲೆ ಕಿಕ್ ಹೊಡೆಯಬೇಕು. ಹೆಲ್ಮೆಟ್, ಗ್ಲೌಸ್, ಬೂಟು ಎಲ್ಲ ಹಾಕಿಕೊಂಡೇ ಇದನ್ನು ಮನೆಯ ಮುಂದೆ ಅಭ್ಯಾಸ ಮಾಡಿ, ಕೆಳಗೆ ನೋಡದೆ ಕಾಲಿಗೆ ಲಿವರ್ ಸಿಗುವ ತನಕ.